ಮೌಂಟ್ ಹೋಲಿಯೋಕ್ ಕಾನ್ವೊಕೇಶನ್‌ಗೆ ರೇಷ್ಮೆ ಸೀರೆ ಉಡಬಹುದಾ?

ಅಮೆರಿಕದ ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜಿಗೆ ಸೇರುತ್ತಿರುವ ನೀವು, ಕಾನ್ವೊಕೇಶನ್‌ಗೆ ರೇಷ್ಮೆ ಸೀರೆ ಉಡಬಹುದಾ, ಏನು ಕೊಳ್ಳಬೇಕು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಅಮ್ಮನ ಹಸಿರು ಸೀರೆ ಕಣ್ಣ ಮುಂದೆ ಬಂತು. ನಾನು ಅಲ್ಲಿಗೆ ಓದಲು ಹೊರಟಾಗ ನನ್ನ ಸೂಟ್‌ಕೇಸಿನಲ್ಲಿ ಎಲ್ಲಕ್ಕಿಂತ ಮೇಲೆ ಅದೇ ಇತ್ತು, ಹಳೇ ಪಂಚೆಯಲ್ಲಿ ಸುತ್ತಿದ ಮೈಸೂರು ಸಿಲ್ಕ್. ನಾನು ಹೊಟ್ಟೆಯಲ್ಲಿದ್ದಾಗ ಸೀಮಂತಕ್ಕೆ ಅಂತ ಅಜ್ಜಿ ಕೊಡಿಸಿದ್ದು.

ನಾನು ಮಾಡಿದ ತಪ್ಪು ಒಂದೇ. ಗೊತ್ತಿರುವ ಪದ ಅಂದುಕೊಂಡು ಯಾರನ್ನೂ ಕೇಳಲಿಲ್ಲ. ಕಾನ್ವೊಕೇಶನ್ ಅಂದರೆ ನಮಗೆ ಘಟಿಕೋತ್ಸವ ಅಲ್ವಾ? ಮೈಸೂರಿನಲ್ಲಿ ಅಕ್ಕನ ಘಟಿಕೋತ್ಸವಕ್ಕೆ ಹೋಗಿದ್ದೆ. ಗೌನು, ಪದಕ, ಭಾಷಣ, ಎಲ್ಲರೂ ರೇಷ್ಮೆ. ಅಲ್ಲೂ ಹಾಗೇ ಅಂದುಕೊಂಡೆ. ಆದರೆ ಅಲ್ಲಿ ಕಾನ್ವೊಕೇಶನ್ ಅಂದರೆ ಹೊಸ ವರ್ಷದ ಓದು ಶುರುವಾಗುವ ದಿನದ ಸಭೆ. ಡಿಗ್ರಿ ಕೊಡುವ ದಿನಕ್ಕೆ ಕಾಮೆನ್ಸ್‌ಮೆಂಟ್ ಅನ್ನುತ್ತಾರೆ. ಈಮೇಲ್‌ನಲ್ಲಿ 'ನಿಮ್ಮ ಬ್ಯಾಚಿನ ಬಣ್ಣ ಹಾಕಿಕೊಂಡು ಬನ್ನಿ' ಅಂತ ಬರೆದೇ ಇತ್ತು. ನಾನು ತಲೆಬರಹ, ದಿನ, ಹೊತ್ತು ನೋಡಿ ಮುಚ್ಚಿದೆ. ರೂಮ್‌ಮೇಟ್ ಬೆಳಿಗ್ಗೆಯೇ ಹಳದಿ ಸಾಕ್ಸ್ ಹಾಕಿಕೊಂಡು ಕೂತಿದ್ದಳು. ಆಗಲಾದರೂ ಯಾಕೆ ಅಂತ ಕೇಳಬಹುದಿತ್ತು. ಕೇಳಲಿಲ್ಲ.

ಅಲ್ಲಿ ಪ್ರತಿ ಬ್ಯಾಚಿಗೂ ಒಂದು ಬಣ್ಣ, ಒಂದು ಪ್ರಾಣಿ: ಕೆಂಪು ಪೆಗಾಸಸ್ (ರೆಕ್ಕೆಯ ಕುದುರೆ), ನೀಲಿ ಸಿಂಹ, ಹಸಿರು ಗ್ರಿಫಿನ್ (ಹದ್ದಿನ ತಲೆ, ಸಿಂಹದ ಮೈ), ಹಳದಿ ಸ್ಫಿಂಕ್ಸ್ (ಮನುಷ್ಯರ ಮುಖ, ಸಿಂಹದ ಮೈ). ಮುಗಿಸಿ ಹೋದವರ ಬಣ್ಣ ಹೊಸದಾಗಿ ಬಂದವರಿಗೆ ಸಿಗುತ್ತದೆ. ನಮ್ಮದು ಹಳದಿ. ನಾನು ಸೆರಗು ಸರಿ ಮಾಡಿಕೊಳ್ಳುತ್ತಾ ಬಯಲು ರಂಗಮಂದಿರಕ್ಕೆ ಇಳಿದರೆ ಹಸಿರು ಗುಂಪು ಎದ್ದು ನಿಂತು ಕೂಗಿತು. ತಮ್ಮವಳೇ ಅಂದುಕೊಂಡರು. ನಾನು ಸ್ಫಿಂಕ್ಸ್ ಅಂತ ಗೊತ್ತಾದಾಗ ನಮ್ಮ ಬ್ಯಾಚಿನ ಹುಡುಗಿಯೊಬ್ಬಳು ಓಡಿ ಬಂದು ಪ್ರೀತಿಯಿಂದಲೇ ತಬ್ಬಿಕೊಂಡಳು. ಅವಳ ಅಂಗೈ ತುಂಬಾ ಹಳದಿ ಬಣ್ಣ ಇತ್ತು.

ಸೆರಗಿನ ಜರಿಯ ಮೇಲೆ ಮೂರು ಬೆರಳ ಗುರುತು. ಒಣಗಲು ಬಿಟ್ಟಿದ್ದರೆ ಬಹುಶಃ ಉಳಿಯುತ್ತಿತ್ತೇನೋ. ಗಾಬರಿಯಲ್ಲಿ ಒದ್ದೆ ಟಿಶ್ಯೂ ತಗೊಂಡು ಉಜ್ಜಿಬಿಟ್ಟೆ. ಬಣ್ಣ ರೇಷ್ಮೆಯೊಳಗೆ ಹರಡಿತು, ಸುತ್ತ ನೀರಿನ ಕಲೆ ನಿಂತಿತು. ರಜೆಗೆ ಊರಿಗೆ ಬಂದಾಗ ಡ್ರೈ ಕ್ಲೀನಿಂಗ್‌ಗೆ ಕೊಟ್ಟರೂ ಹೋಗಲಿಲ್ಲ. ಅಮ್ಮ ಏನೂ ಅನ್ನಲಿಲ್ಲ, ಕಲೆ ಒಳಗೆ ಬರುವ ಹಾಗೆ ಮಡಚಿ ಬೀರುವಿನಲ್ಲಿ ಇಟ್ಟರು. ಇವತ್ತಿಗೂ ನನಗೆ ಅದು ನೋವು.

ಹಾಗಾಗಿ ಏನು ಕೊಳ್ಳಬೇಕು ಅನ್ನುವ ಪ್ರಶ್ನೆಯೇ ಬೇಡ. ಇಲ್ಲಿಂದ ಏನನ್ನೂ ಕೊಳ್ಳಬೇಡಿ. ಮೇರಿ ಲಯನ್ 1837ರಲ್ಲಿ ಆ ಸಂಸ್ಥೆ ತೆರೆದಾಗ ವರ್ಷಕ್ಕೆ 60 ಡಾಲರ್ ಫೀಸು ಇಟ್ಟಿದ್ದರು, ಸಾಧಾರಣ ಮನೆಯ ಹುಡುಗಿಯರೂ ಓದಲಿ ಅಂತ. ಅಂಥ ಜಾಗಕ್ಕೆ ಸಾವಿರಾರು ರೂಪಾಯಿಯ ಬಟ್ಟೆ ಹೊತ್ತುಕೊಂಡು ಹೋಗುವುದು ನನಗಂತೂ ಸರಿ ಕಾಣುವುದಿಲ್ಲ. ನಿಮ್ಮ ಬಣ್ಣ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಆ ಬಣ್ಣದ ಹಳೇ ಟೀ ಶರ್ಟ್ ಒಂದಿದ್ದರೆ ಸಾಕು.

ಬಿಳಿ ಬಟ್ಟೆ ಬೇಕಾ ಅಂತಲೂ ಕೇಳಿದ್ದೀರಿ. ಅದು ಈಗಲ್ಲ, ಓದು ಮುಗಿಯುವಾಗ. ಕಾಮೆನ್ಸ್‌ಮೆಂಟ್‌ನ ಹಿಂದಿನ ದಿನ ಲಾರೆಲ್ ಪರೇಡ್ ಇರುತ್ತದೆ. ಮುಗಿಸುವವರೂ ಹಳೆಯ ವಿದ್ಯಾರ್ಥಿನಿಯರೂ ಬಿಳಿ ಉಟ್ಟು, ಲಾರೆಲ್ ಗಿಡದ ಎಲೆಗಳ ಉದ್ದದ ಹಾರ ಹೊತ್ತು ಮೇರಿ ಲಯನ್ ಸಮಾಧಿಯ ತನಕ ನಡೆಯುತ್ತಾರೆ. ಓಟಿನ ಹಕ್ಕಿಗೆ ಹೋರಾಡಿದ ಹೆಂಗಸರ ನೆನಪಿಗೆ ಆ ಬಿಳಿ. ಬಿಳಿ ಸೀರೆ ಅಂದರೆ ಮನೆಯಲ್ಲಿ ಅಜ್ಜಿ ಮುಖ ಸಣ್ಣ ಮಾಡಬಹುದು, ಇದನ್ನು ಅವರಿಗೆ ಹೇಳಿ. ನಾನು ಅವತ್ತು ಬಿಳಿ ಕಾಟನ್ ಸೀರೆ ಉಟ್ಟಿದ್ದೆ, ಸೆರಗನ್ನು ಗಟ್ಟಿಯಾಗಿ ಪಿನ್ ಮಾಡಿ.

ನಿಮ್ಮ ಬಣ್ಣ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ. ಹಳದಿ ಬಂದರೆ ನನ್ನ ಹತ್ತಿರ ಎರಡು ದುಪಟ್ಟಾ ಇವೆ, ಕಳಿಸಿಕೊಡುತ್ತೇನೆ.