ಹೊಳೆಮತ್ತಿ ತೊಗಟೆಯ ಫೀನಾಲ್ ಲೆಕ್ಕ ಪ್ರತಿ ಸಲ ಬೇರೆ ಬರುವುದಕ್ಕೆ

ನಿಮ್ಮ ತೊಗಟೆಯ ಸಾರ ತುಂಬಾ ಗಟ್ಟಿಯಾಗಿದೆ, ಹೆಚ್ಚಾಗಿ ಅದೇ ಕಾರಣ. ಸಕಲೇಶಪುರದ ಹೇಮಾವತಿ ದಂಡೆಯ ಒಂದೇ ಮರದ ತೊಗಟೆ, ಮೂರು ಸಲ ಮೂರು ಲೆಕ್ಕ, ಬಣ್ಣ ಅಳೆಯುವ ಯಂತ್ರದ (ಸ್ಪೆಕ್ಟ್ರೋಫೋಟೋಮೀಟರ್) ರೀಡಿಂಗ್ 2ರ ಮೇಲೆ ಅಂದಿದ್ದೀರಿ. ಹೊಳೆಮತ್ತಿಯಲ್ಲಿ ಟ್ಯಾನಿನ್ (ಒಗರು ಕೊಡುವ ಫೀನಾಲ್) ಜಾಸ್ತಿ ಅಲ್ವಾ, ಫೋಲಿನ್ (ಫೀನಾಲ್ ಇದ್ದರೆ ನೀಲಿಯಾಗುವ ರಾಸಾಯನಿಕ) ಹಾಕಿದಾಗ ಬಣ್ಣ ಶಾಯಿಯಂತೆ ಕಡುನೀಲಿಯಾಗುತ್ತದೆ. ಅಷ್ಟು ಮೇಲಿನ ರೀಡಿಂಗ್ ನಂಬಬೇಡಿ.

ಮೊದಲು ಸಾರವನ್ನು 10 ಪಟ್ಟು ತೆಳು ಮಾಡಿ. ಸಾಲದಿದ್ದರೆ 50 ಪಟ್ಟು. ಎಷ್ಟು ಬೇಕೆಂದು ಮಾಡಿಯೇ ನೋಡಬೇಕು. ರೀಡಿಂಗ್ ನಿಮ್ಮ ಗ್ಯಾಲಿಕ್ ಆಸಿಡ್ ಗೆರೆಯ (ಗೊತ್ತಿರುವ ಪ್ರಮಾಣದ ಗ್ಯಾಲಿಕ್ ಆಸಿಡ್ ಓದಿ ಎಳೆದ ಅಳತೆಗೆರೆ) ಒಳಗೆ ಬರಬೇಕು. ಫೋಲಿನ್ ಹಾಕಿ 5 ನಿಮಿಷ ಬಿಟ್ಟು ಆಮೇಲೆ ಸೋಡಿಯಂ ಕಾರ್ಬೊನೇಟ್. ಈ ಕ್ರಮ ತಪ್ಪಿಸಬೇಡಿ, ಕ್ಷಾರದಲ್ಲಿ ಫೋಲಿನ್ ಬೇಗ ಕೆಡುತ್ತದೆ. ಎಲ್ಲ ಟ್ಯೂಬನ್ನೂ ಕತ್ತಲಲ್ಲಿ ಒಂದೇ ಹೊತ್ತು ಇಟ್ಟು 765 ನ್ಯಾನೋಮೀಟರಿನಲ್ಲಿ ಓದಿ. ಬಂದದ್ದನ್ನು ತೆಳು ಮಾಡಿದ ಪಟ್ಟಿನಿಂದ ಗುಣಿಸಿ.

ಆಗಲೂ ಹೊಂದದಿದ್ದರೆ ಪುಡಿಯ ತೇವ ನೋಡಿ. ಮಳೆಗಾಲದಲ್ಲಿ ಡಬ್ಬಿಯಲ್ಲಿದ್ದರೂ ಥಂಡಿ ಹಿಡಿಯುತ್ತದೆ. ಒಣತೂಕದ ಮೇಲೆಯೇ ಲೆಕ್ಕ ಹಾಕಿ.