ನನ್ನ ಮೆಚ್ಚಿನ ಸೂಪರ್‌ಹೀರೋ ಕಾಮಿಕ್ಸ್ ಮತ್ತೆ 1ನೇ ಸಂಚಿಕೆಯಿಂದ ಶುರುವಾಗಿದೆ. ಬರೀ ಕತ್ತಲು, ಬರೀ ರಕ್ತ. ಹೀರೋನನ್ನೇ ಕೆಡಿಸಿದ್ದಾರೆ ಅಂತ ಎಲ್ಲರೂ ಬೈಯುತ್ತಿದ್ದಾರೆ. ಓದುವುದು ಬಿಟ್ಟು ಹಳೆಯ ಸಂಗ್ರಹ ಮಾರಿಬಿಡಲೇ?

ಮಾರಬೇಡಿ. ಈ ಸಿಟ್ಟು ಇಳಿಯುವವರೆಗಾದರೂ ಮಾರಬೇಡಿ. ನಾನು ಮಾರಿ ಕೂತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

2011ರ ಸೆಪ್ಟೆಂಬರ್. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕಥೆಗಳನ್ನು ಪ್ರಕಟಿಸುವ ಅಮೆರಿಕದ ಡಿಸಿ ಕಂಪನಿ ತನ್ನ ಸೂಪರ್‌ಹೀರೋ ಕಾಮಿಕ್ಸ್ ಎಲ್ಲವನ್ನೂ ನಿಲ್ಲಿಸಿ, 52 ಸರಣಿಗಳನ್ನು 1ನೇ ಸಂಚಿಕೆಯಿಂದ ಶುರು ಮಾಡಿತು. 'ನ್ಯೂ 52' ಅಂತ ಹೆಸರು. 881ನೇ ಸಂಚಿಕೆಗೆ ಬಂದಿದ್ದ ಬ್ಯಾಟ್‌ಮ್ಯಾನ್ ಸರಣಿ 'ಡಿಟೆಕ್ಟಿವ್ ಕಾಮಿಕ್ಸ್' ಕೂಡ ಮತ್ತೆ ಒಂದಕ್ಕೆ ಇಳಿಯಿತು. ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿ ಮಾಯ. ಲೋಯಿಸ್ ಜೊತೆ ಅವನ ಮದುವೆ ಆಗಿಯೇ ಇರಲಿಲ್ಲ ಅಂತಾಯಿತು. ಅಮೆರಿಕದ ಅಂಗಡಿಗೆ ಬಂದ ದಿನವೇ ಡಿಜಿಟಲ್‌ನಲ್ಲೂ ಸಿಗುತ್ತಿತ್ತು. ಹಾಗಾಗಿ ಬಸವನಗುಡಿಯಲ್ಲಿ ಕೂತವರಿಗೂ ಸಿಟ್ಟು ಮಾಡಿಕೊಳ್ಳಲು ಕಾಯಬೇಕಾಗಲಿಲ್ಲ.

ನಮ್ಮ ಗುಂಪು ಗಾಂಧಿಬಜಾರಿನ ಹತ್ತಿರ ಒಂದು ದರ್ಶಿನಿಯ ಮುಂದೆ ಸೇರುತ್ತಿತ್ತು. ಒಬ್ಬ ಲ್ಯಾಪ್‌ಟಾಪ್ ತೆರೆದು 'ಡಿಟೆಕ್ಟಿವ್ ಕಾಮಿಕ್ಸ್' 1ನೇ ಸಂಚಿಕೆಯ ಕೊನೆಯ ಪುಟ ತೋರಿಸಿದ. ಬ್ಯಾಟ್‌ಮ್ಯಾನ್‌ನ ಶತ್ರು ಜೋಕರ್‌ನ ಮುಖದ ಚರ್ಮವನ್ನೇ ಸುಲಿದು ಗೋಡೆಗೆ ಹಾಕಿದ್ದಾರೆ. ಎಲ್ಲರೂ ಒಂದೇ ಸಮ ಬೈದೆವು. ಎಲ್ಲರಿಗಿಂತ ಜೋರಾಗಿ ಬೈದವನು ನಾನು. ನಾನು ನೋಡಿದ್ದು ಆ ಪುಟ ಮಾತ್ರ. ಹಿಂದಿನ ಪುಟಗಳನ್ನು ಓದಿರಲಿಲ್ಲ, ಉಳಿದ ಸರಣಿಗಳ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ.

ಈಗ ಆ ಮಾರಾಟದ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ನನ್ನ ಹತ್ತಿರ ಇದ್ದದ್ದರಲ್ಲಿ ಅರ್ಧ ಗೋಥಮ್ ಕಾಮಿಕ್ಸ್ ಅನ್ನುವ ಕಂಪನಿಯವರು ಭಾರತದಲ್ಲೇ ಅಚ್ಚು ಹಾಕಿ ಕಡಿಮೆ ಬೆಲೆಗೆ ಕೊಡುತ್ತಿದ್ದ ಪ್ರತಿಗಳು. ಉಳಿದ ಅರ್ಧ ಅಮೆರಿಕದಲ್ಲಿದ್ದ ಚಿಕ್ಕಪ್ಪ ತಂದುಕೊಟ್ಟ ಅಸಲಿ ಸಂಚಿಕೆಗಳು. ಎರಡನ್ನೂ ಬೇರೆ ಮಾಡಲಿಲ್ಲ. ಪಟ್ಟಿ ಮಾಡಲಿಲ್ಲ. ರಟ್ಟಿನ ಡಬ್ಬಗಳಿಗೆ ತುಂಬಿ ಆಟೋದಲ್ಲಿ ಹಾಕಿಕೊಂಡು ಚರ್ಚ್ ಸ್ಟ್ರೀಟ್ ಕಡೆ ಹೋದೆ. ಹಳೇ ಪುಸ್ತಕದ ಅಂಗಡಿಯವರು ಒಳ್ಳೆಯ ಮನುಷ್ಯ. 'ಎಲ್ಲಾನೂ ಕೊಡ್ತೀರಾ ಸಾರ್? ಒಂದ್ಸಲ ನೋಡ್ಕೊಂಬಿಡಿ' ಅಂದರು. ನೋಡಿದರೆ ಮನಸ್ಸು ಬದಲಾಗುತ್ತದೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ನೋಡಲಿಲ್ಲ. ಒಟ್ಟಿಗೆ ಒಂದು ರೇಟು ಹೇಳಿದರು, ಚೌಕಾಸಿ ಮಾಡದೆ ತೆಗೆದುಕೊಂಡೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅದೇ. ಡಿಸಿಯವರು ಹೊಸದಾಗಿ ಏನೋ ಮಾಡಿದ್ದಕ್ಕೆ ನನ್ನ ಕಪಾಟಿನ ಹಳೇ ಪುಸ್ತಕಗಳು ಏನು ಮಾಡಿದ್ದವು? ಕಂಪನಿಗೆ ನಾನು ಮಾರಿದ್ದು ಗೊತ್ತೂ ಆಗಲಿಲ್ಲ. ಅಮ್ಮನಿಗೆ ಮಾತ್ರ ಖುಷಿಯಾಯಿತು, ಕಪಾಟು ಖಾಲಿ ಆಯಿತಲ್ಲ.

ಆ ಡಬ್ಬದಲ್ಲಿ 'ಬ್ಯಾಟ್‌ಮ್ಯಾನ್' 426ರಿಂದ 429ರ ತನಕದ ಸಂಚಿಕೆಗಳಿದ್ದವು. 1988ರವು. ಬ್ಯಾಟ್‌ಮ್ಯಾನ್‌ನ ಜೊತೆಗಾರ ಹುಡುಗ, ಎರಡನೇ ರಾಬಿನ್ ಜೇಸನ್ ಟಾಡ್ ಸಾಯಬೇಕೋ ಬದುಕಬೇಕೋ ಅಂತ ಓದುಗರಿಂದ ಫೋನಿನಲ್ಲಿ ವೋಟು ಹಾಕಿಸಿದ ಕಥೆ. ಸಾಯಲಿ ಅಂದವರು 5,343. ಬದುಕಲಿ ಅಂದವರು 5,271. ಬರೀ 72 ವೋಟಿಗೆ ಹುಡುಗ ಸತ್ತ. ಜೋಕರ್ ಅವನನ್ನು ಕಬ್ಬಿಣದ ಸಲಾಕೆಯಿಂದ ಹೊಡೆಯುವುದನ್ನು ನಾನು ಶಾಲೆಯಲ್ಲಿದ್ದಾಗ ಮತ್ತೆ ಮತ್ತೆ ಓದಿದ್ದೆ. ಇದನ್ನು 'ನಮ್ಮ ಕಾಲದ ಒಳ್ಳೆಯ ಬ್ಯಾಟ್‌ಮ್ಯಾನ್' ಅಂತ ಕರೆದುಕೊಂಡು, 2011ರದ್ದನ್ನು ಕ್ರೂರ ಅಂತ ಬೈದೆ. ನನಗೇ ನಗು ಬರುತ್ತದೆ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಹೀರೋನನ್ನು ಕತ್ತಲೆಗೆ ತಳ್ಳಿ 'ಕೆಡಿಸಿದ್ದಾರೆ' ಅಂತೀರಿ. ಬ್ಯಾಟ್‌ಮ್ಯಾನ್‌ನನ್ನೇ ತೆಗೆದುಕೊಳ್ಳಿ. 1939ರಲ್ಲಿ ಶುರುವಾದಾಗ ಅವನ ಕೈಯಲ್ಲಿ ಬಂದೂಕು ಕಾಣಿಸಿಕೊಂಡಿದೆ, ಅವನಿಂದ ಜನ ಸತ್ತಿದ್ದಾರೆ. 1940ರಲ್ಲಿ ರಾಬಿನ್ ಬಂದ ಮೇಲೆ ಕಥೆ ಹಗುರವಾಯಿತು. 1986ರಲ್ಲಿ ಲೇಖಕ ಫ್ರಾಂಕ್ ಮಿಲ್ಲರ್ ಮತ್ತೆ ಕತ್ತಲೆಗೆ ಎಳೆದರು. ನೀವು ಯಾವ ವಯಸ್ಸಿನಲ್ಲಿ ಓದಲು ಶುರು ಮಾಡಿದಿರೋ ಅದೇ ನಿಮಗೆ ಅಸಲಿ, ಅಲ್ವಾ?

ಇನ್ನೊಂದು ನಷ್ಟ ನನಗೆ ತಡವಾಗಿ ತಿಳಿಯಿತು. ನಾನು ಕೈತೊಳೆದುಕೊಂಡ ಅದೇ ತಿಂಗಳು, ಅದೇ ಕಂಪನಿ, ಅದೇ ಹೀರೋನ ಇನ್ನೊಂದು ಸರಣಿ ಶುರು ಮಾಡಿತ್ತು. ಸ್ಕಾಟ್ ಸ್ನೈಡರ್ ಬರೆದು ಗ್ರೆಗ್ ಕಪುಲೋ ಚಿತ್ರ ಬರೆದ 'ಬ್ಯಾಟ್‌ಮ್ಯಾನ್'. ವರ್ಷಗಳ ನಂತರ ವೈಟ್‌ಫೀಲ್ಡಿನ ಕೆಟಿಪಿಓ ಪ್ರದರ್ಶನ ಕೇಂದ್ರದಲ್ಲಿ ನಡೆದ ಕಾಮಿಕ್ ಕಾನ್ ಮೇಳಕ್ಕೆ ಗೆಳೆಯ ಎಳೆದುಕೊಂಡು ಹೋದಾಗ ಅದರ ಮೊದಲ ಸಂಪುಟ ಕೊಂಡೆ. ವಾಪಸ್ ಬರುವಾಗ 335ಇ ಬಸ್ಸಿನಲ್ಲಿ ಓದುತ್ತಾ ಕೂತೆ. ಗೋಥಮ್ ಊರನ್ನು ತನಗಿಂತ ಚೆನ್ನಾಗಿ ಬಲ್ಲವರಿಲ್ಲ ಅಂತ ಬ್ಯಾಟ್‌ಮ್ಯಾನ್‌ಗೆ ಜಂಬ. ಆದರೆ ಗೂಬೆಯ ಮುಖವಾಡದ ಒಂದು ಗುಂಪು ತಲೆಮಾರುಗಳಿಂದ ಅಲ್ಲೇ ಇದೆ. ಅವನ ಮನೆತನದವರು ಕಟ್ಟಿಸಿದ ಕಟ್ಟಡಗಳಲ್ಲೇ, ಯಾರ ಕಣ್ಣಿಗೂ ಬೀಳದ 13ನೇ ಮಹಡಿಗಳಲ್ಲಿ ಅಡಗಿದೆ. (ಬೆಂಗಳೂರಿನಲ್ಲಿ ನನಗೆ ಗೊತ್ತಿಲ್ಲದ ಗಲ್ಲಿ ಇಲ್ಲ ಅನ್ನುವ ನಮ್ಮ ಬಸವನಗುಡಿಯವರು ಇದನ್ನು ಓದಲೇಬೇಕು.) 5ನೇ ಸಂಚಿಕೆಯಲ್ಲಿ ಅವನನ್ನು ಚಕ್ರವ್ಯೂಹದಂಥ ಜಾಗದಲ್ಲಿ ಕೂಡಿಹಾಕುತ್ತಾರೆ. ಅವನ ತಲೆ ಕೆಟ್ಟ ಹಾಗೆ ಪುಟಗಳೂ ಅಡ್ಡ ತಿರುಗುತ್ತವೆ, ಆಮೇಲೆ ತಲೆಕೆಳಗಾಗುತ್ತವೆ. ಪುಸ್ತಕವನ್ನು ಸುತ್ತಿಸಿ ಸುತ್ತಿಸಿ ಓದಬೇಕು. ಪಕ್ಕದ ಸೀಟಿನವರು ನನಗೇನೋ ಆಗಿದೆ ಅಂತ ಸ್ವಲ್ಪ ಸರಿದು ಕೂತರು. ಇದೂ ಕತ್ತಲೆಯ ಕಥೆಯೇ. ಇಲ್ಲಿ ಆ ಕತ್ತಲೆ ಅವನ ಜಂಬವನ್ನು ಮುರಿಯುತ್ತದೆ. ಆ ಚರ್ಮ ಸುಲಿದ ಪುಟ ನನಗೆ ಈಗಲೂ ಹಿಡಿಸುವುದಿಲ್ಲ, ಸುಮ್ನೆ ಬೆಚ್ಚಿಬೀಳಿಸಲು ಹಾಕಿದ್ದು ಅಂತಲೇ ನನ್ನ ಅಭಿಪ್ರಾಯ. ಆದರೆ ಅದೊಂದು ಪುಟಕ್ಕಾಗಿ ಇದನ್ನು ತಿಂಗಳು ತಿಂಗಳು ಓದುವ ಸುಖ ಕಳೆದುಕೊಂಡೆ.

ಹಾಗಂತ ಬೈಯುವವರೆಲ್ಲ ದಡ್ಡರಲ್ಲ. ಅದೇ ವರ್ಷ ಸ್ಟಾರ್‌ಫೈರ್ ಅನ್ನುವ ಪಾತ್ರವನ್ನು ಬರೀ ಮೈ ತೋರಿಸುವ ಗೊಂಬೆ ಮಾಡಿದ್ದಕ್ಕೆ ಓದುಗರು ತರಾಟೆಗೆ ತೆಗೆದುಕೊಂಡರು. ಸರಿಯಾಗಿಯೇ ಮಾಡಿದರು. 2016ರಲ್ಲಿ ಡಿಸಿಯವರೇ 'ರೀಬರ್ತ್' ಅಂತ ತಂದು, ಕಳೆದುಹೋದ ಹಳೆಯ ಸಂಬಂಧಗಳನ್ನು ವಾಪಸ್ ತರಲು ಹೊರಟರು. ಸೂಪರ್‌ಮ್ಯಾನ್‌ಗೆ ಹೆಂಡತಿ ಸಿಕ್ಕಳು. 2018ರಲ್ಲಿ 'ಆ್ಯಕ್ಷನ್ ಕಾಮಿಕ್ಸ್' 1000ನೇ ಸಂಚಿಕೆಗೆ ಕೆಂಪು ಚಡ್ಡಿಯೂ ಬಂತು! ಕಂಪನಿಗಳು ಹೀಗೆ ಹಿಂದಕ್ಕೂ ಬರುತ್ತವೆ. ಮಾರಿದ ಪುಸ್ತಕ ಬರುವುದಿಲ್ಲ. ಆ ನಾಲ್ಕು ಸಂಚಿಕೆಗಳನ್ನು ಮತ್ತೆ ಕೊಳ್ಳೋಣ ಅಂತ ವಿಚಾರಿಸಿದೆ. ಅವಕ್ಕೇ ಕೇಳಿದ ಬೆಲೆ, ಅಂದು ಎಲ್ಲಾ ಡಬ್ಬಗಳಿಗೆ ಸೇರಿ ನನಗೆ ಸಿಕ್ಕಿದ್ದಕ್ಕಿಂತ ಜಾಸ್ತಿ.

ಹೊಸ ಸರಣಿಯ ಮೊದಲ ಕಥೆ ಪೂರ್ತಿ ಮುಗಿಯುವ ತನಕ ಓದಿ, ಬೇರೆಯವರ ಅಭಿಪ್ರಾಯ ಆಮೇಲೆ ನೋಡಿ. ಹಿಡಿಸದಿದ್ದರೆ ಬಿಡಿ, ಯಾರೂ ಕೇಳುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಸುಮ್ಮನೆ ಕೈಗೆ ಕೊಡಬೇಡಿ. ಕಾಮಿಕ್ಸ್‌ನಲ್ಲಿ ಏನು ಇರಬಾರದು ಅಂತ ಹೇಳುವ, 1954ರಿಂದ ಇದ್ದ ಕಾಮಿಕ್ಸ್ ಕೋಡ್‌ನ ಮುದ್ರೆಯನ್ನು ಡಿಸಿ 2011ರ ಜನವರಿಯಲ್ಲೇ ಕೈಬಿಟ್ಟು, ತನ್ನದೇ ವಯಸ್ಸಿನ ಗುರುತು ಹಾಕಲು ಶುರು ಮಾಡಿತು. ಅದನ್ನು ನೋಡಿಯೇ ಕೊಡಿ.

ಮನೆಯಲ್ಲಿ ಜಾಗ ಇಲ್ಲ ಅಂತ ಮಾರುತ್ತಿದ್ದರೆ ಅದು ಬೇರೆ ಮಾತು. ಆಗ ಸಂಚಿಕೆ ನಂಬರ್ ಬರೆದು ಪಟ್ಟಿ ಮಾಡಿ, ಅಸಲಿ ಬೇರೆ, ಇಲ್ಲಿನ ಮುದ್ರಣ ಬೇರೆ ಇಡಿ, ಒಂದಕ್ಕಿಂತ ಹೆಚ್ಚು ಕಡೆ ಬೆಲೆ ಕೇಳಿ. ಅಂದಹಾಗೆ ಯಾವ ಹೀರೋ ಅಂತ ನೀವು ಬರೆದೇ ಇಲ್ಲ. ಕಾಮೆಂಟಿನಲ್ಲಿ ಹೇಳಿ. ನಾನು ಓದಿದ್ದರೆ, ಹೊಸದರಲ್ಲಿ ಎಲ್ಲಿಂದ ಶುರು ಮಾಡಿದರೆ ಒಳ್ಳೆಯದು ಅಂತ ತಿಳಿಸುತ್ತೇನೆ.