ಬಳ್ಳಾರಿಯಲ್ಲಿ ಸಣ್ಣ ಜೀನ್ಸ್ ಅಂಗಡಿಯ ಶೋಕೇಸ್ ಹೇಗಿರಬೇಕು?

ಬೆಂಗಳೂರು ರಸ್ತೆಯಲ್ಲಿ ಜೀನ್ಸ್ ಅಂಗಡಿ ತೆರೆಯುತ್ತಿದ್ದೀರಿ, ಎಂಟು ಅಡಿ ಗಾಜಿದೆ, ಕೈಯಲ್ಲಿ ದುಡ್ಡು ಕಡಿಮೆ, ಶೋಕೇಸ್ ಮಾತ್ರ ಹೊಸ ಬಗೆಯದಾಗಿರಬೇಕು ಎಂದು ಕೇಳಿದ್ದೀರಿ. ಬಟ್ಟೆ ಅಂಗಡಿಗಳ ಶೋಕೇಸ್ ಕಟ್ಟುವುದೇ ನನ್ನ ಕಸುಬು. ಗೊಂಬೆ, ಥೀಮ್ ಎಲ್ಲ ಆಮೇಲಿನ ಮಾತು. ಮೊದಲು ಬಿಸಿಲು ನೋಡಿ.

ನಮ್ಮೂರಿನ ಮಧ್ಯಾಹ್ನಕ್ಕೆ ಗಾಜು ಕನ್ನಡಿಯಾಗುತ್ತದೆ. ದಾರಿಹೋಕರಿಗೆ ಕಾಣುವುದು ತಮ್ಮ ಮುಖ ಮತ್ತು ಬೆನ್ನ ಹಿಂದೆ ನಿಂತ ಆಟೋ. ಪ್ರತಿಬಿಂಬ ಎದ್ದು ಕಾಣುವುದು ಕಪ್ಪಿನ ಮೇಲೆಯೇ ಆದ್ದರಿಂದ, ಗಾಢ ಹಿನ್ನೆಲೆಗೆ ಗಾಢ ನೀಲಿ ಪ್ಯಾಂಟ್ ನಿಲ್ಲಿಸಿದರೆ ಕೆಲಸ ಕೆಟ್ಟಂತೆ. ಹಿಂದಿನ ಹಲಗೆಗೆ ಬಿಳಿ ಬಳಿಯಿರಿ, ಹೊರಗೆ ನೆರಳಿಗೆ ಚಾಚು ಹಾಕಿಸಿ. ಜೀನ್ಸಿನ ನೀಲಿ ಬಣ್ಣವಾದ ಇಂಡಿಗೊ ಬಿಸಿಲಿಗೆ ಮಾಸುತ್ತದೆ. ಬಹಳ ದಿನ ಅಲ್ಲೇ ಬಿಟ್ಟ ಪ್ಯಾಂಟಿನ ಮಡಿಕೆಯುದ್ದಕ್ಕೂ ಬೆಳ್ಳನೆಯ ಗೆರೆ ಬಿದ್ದು, ಅದನ್ನು ಯಾರೂ ಕೊಳ್ಳುವುದಿಲ್ಲ. ವಾರಕ್ಕೊಮ್ಮೆ ಸರಕು ಬದಲಿಸಿ.

ಇನ್ನು ಒಳಗೇನಿಡಬೇಕು? ಕುದುರೆ ಮೇಲೆ ಕುಳಿತ ಅಮೆರಿಕದ ಗೋಪಾಲಕನ ಪೋಸ್ಟರ್ ದಯವಿಟ್ಟು ಬೇಡ. ಜೀನ್ಸ್ ಹೊಲಿಯುವ ಊರಿದು. ನಿಮ್ಮ ಗಿರಾಕಿಯ ಮನೆಯಲ್ಲೇ ಯಾರಾದರೂ ಬೆಲ್ಟ್ ಪಟ್ಟಿ ಹೊಲಿಯುತ್ತಿರಬಹುದು. ಆ ಕೆಲಸವನ್ನೇ ತೋರಿಸಿ. ಒಂದೇ ಅಳತೆಯ ಮೂರು ಪ್ಯಾಂಟ್ ಸಾಲಾಗಿ ತೂಗುಹಾಕಿ: ಮೊದಲನೆಯದು ಯಂತ್ರದಿಂದ ಇಳಿದ ಹಾಗೇ, ಗಂಜಿಯ ಬಿರುಸಿನಲ್ಲಿ ಸೆಟೆದುಕೊಂಡಿದ್ದು, ಎರಡನೆಯದು ಒಮ್ಮೆ ವಾಷಿಂಗ್ ಆದದ್ದು, ಮೂರನೆಯದು ತೊಡೆಯ ಬಳಿ ಸವೆದ ಗೆರೆಗಳನ್ನು ಮೂಡಿಸಿ ಮುಗಿಸಿದ್ದು. ಕೆಳಗೆ ಒಂದು ಬುಟ್ಟಿಯಲ್ಲಿ ಪ್ಯೂಮಿಸ್ ಕಲ್ಲು, ಅಂದರೆ ಸ್ಟೋನ್ ವಾಷ್‌ಗೆ ಬಟ್ಟೆಯ ಜೊತೆ ಯಂತ್ರಕ್ಕೆ ಹಾಕುವ ಹಗುರ ಕಲ್ಲು. ಸ್ಟೋನ್ ವಾಷ್ ಎಂದು ದಿನಾ ಹೇಳುವವರಲ್ಲೂ ಆ ಕಲ್ಲನ್ನು ಕಣ್ಣಾರೆ ಕಂಡವರು ಕಡಿಮೆ. ಜನ ನಿಂತು ನೋಡುವುದು ಅದನ್ನೇ. ಹಬ್ಬ ಬಂದಾಗ ಸಂಡೂರಿನ ಲಂಬಾಣಿ ಕಸೂತಿಯ ತುಂಡೊಂದನ್ನು ಡೆನಿಮ್ ಜಾಕೆಟ್ಟಿನ ಬೆನ್ನಿಗೆ ಹೊಲಿಸಿ ತೂಗುಬಿಟ್ಟರೆ ಕನ್ನಡಿ ಚೂರುಗಳು ದೀಪಕ್ಕೆ ಮಿನುಗುತ್ತವೆ.

ದೀಪಕ್ಕೆ ಜಿಪುಣತನ ಮಾಡಬೇಡಿ, ಏಕೆಂದರೆ ನಮ್ಮಲ್ಲಿ ಜನ ಪೇಟೆಗಿಳಿಯುವುದೇ ಹೊತ್ತು ಮುಳುಗಿದ ಮೇಲೆ. ಲಂಡನ್ನಿನಲ್ಲಿ 1909ರಲ್ಲಿ ಅಂಗಡಿ ತೆರೆದ ಸೆಲ್ಫ್ರಿಜ್ ಎಂಬ ವ್ಯಾಪಾರಿ, ಬಾಗಿಲು ಮುಚ್ಚಿದ ಮೇಲೂ ಕಿಟಕಿಗಳ ದೀಪ ಉರಿಸುತ್ತಿದ್ದರು. ಸಿಆರ್‌ಐ (ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದರ ಅಳತೆ) 90ಕ್ಕಿಂತ ಮೇಲಿರುವ ಎಲ್‌ಇಡಿ ತನ್ನಿ, ಇಲ್ಲದಿದ್ದರೆ ನೀಲಿ ಬಣ್ಣ ಬೂದು ಬಣ್ಣವಾಗಿ ಕಾಣುತ್ತದೆ. ನೆತ್ತಿಯ ಮೇಲೆ ಕಟ್ಟದೆ ಮುಂದಿನಿಂದ ಓರೆಯಾಗಿ ಬೀಳುವಂತೆ ಕಟ್ಟಿಸಿ.

ಗೊಂಬೆ ಒಂದೇ ಸಾಕು. ಸೊಂಟ ಸಡಿಲವಾದರೆ ಹಿಂದಿನಿಂದ ಕ್ಲಿಪ್ ಹಾಕಿ. ಪಕ್ಕದಿಂದ ಬರುವವರಿಗೆ ಆ ಕ್ಲಿಪ್ ಕಾಣದಿರಲಿ. ಬೆಲೆ ಚೀಟಿ ಇರಲೇಬೇಕು, ಇಲ್ಲದಿದ್ದರೆ ದುಬಾರಿ ಅಂಗಡಿ ಎಂದುಕೊಂಡು ಮುಂದೆ ಹೋಗುತ್ತಾರೆ.

ಗಾಜು ಯಾವ ದಿಕ್ಕಿಗಿದೆ, ಒಳಗೆ ಎಷ್ಟು ಆಳವಿದೆ ಎಂದು ಬರೆಯಿರಿ. ದೀಪದ ಜಾಗ ಗುರುತಿಸಿ ಕೊಡುತ್ತೇನೆ.